ಭೂಮಿ ಮುಳುಗುವ ಮುಖ

ನಾರಾಯಣಗೂಡದ ಕಾಲೇಜಿಗೆ ಹೋಗುವ ಮಗಳು, ತಾನು ತೆಗೆಯುತ್ತಿದ್ದ, ಭೂಮಿ ಮುಳುಗುವ ಕಥೆಯ ವೈಜ್ಞಾನಿಕ ಸಾಹಸಚಿತ್ರವೊಂದರ ಮೊದಲ ದೃಶ್ಯವನ್ನು ಮರುದಿನವೇ ಒಪ್ಪಿಸಬೇಕಿತ್ತು. ನಮ್ಮ ತಾರಸಿಯ ನೀರಿನ ಟ್ಯಾಂಕೇ ಆಕಾಶನೌಕೆ. ಅದರ ಮೇಲಿಂದ ಅವಳು ಜಿಗಿಯುವಾಗ ವಿಜ್ಞಾನಿಯ ಪಾತ್ರದ ಗೆಳತಿ ಬೆಚ್ಚಿಬೀಳಬೇಕು. ಆ ಹುಡುಗಿಗೋ ಪ್ರತಿ ಸಲವೂ ನಗು. ಬಿಸಿಲು ಇಳಿಯುತ್ತಿತ್ತು. ನಾನು ಮನೆಯ ಗಾದಿಗಳನ್ನೆಲ್ಲ ತಂದು ಹಾಸಿ, ಸಾಲದೆಂದು ದಿಂಬುಗಳನ್ನೂ ಒಟ್ಟಿ, "ಮೆಲ್ಲಕ ಜಿಗಿಯವ್ವಾ!" ಎನ್ನುತ್ತಿದ್ದೆ.

"ಅಪ್ಪಾ, ಮೆಲ್ಲಕ ಹೆಂಗ ಜಿಗೀತಾರ? ಸುಮ್ಮನ ನಿಂದರು!"

ಸುಮ್ಮನೆ ನಿಂತೆ. ಅವಳು ಜಿಗಿದು, ಗಾದಿಯ ಮೇಲೆ ಬಿದ್ದು ನಕ್ಕಳು. ಕ್ಯಾಮೆರಾ ಹಿಡಿದಿದ್ದ ಅವಳ ಗೆಳೆಯ ಅಷ್ಟರಲ್ಲಿ ನನ್ನ ಮುಖವನ್ನು ಸೆರೆಹಿಡಿದಿದ್ದ.

"ಅಂಕಲ್‌ರೀ, ಭೂಮಿ ಮುಳುಗಾಕತ್ತಿದ್ದು ನಿಮ್ಮ ಮಾರಿಮ್ಯಾಲೇ ಕಾಣ್ತೈತಿ!"

ಚಿತ್ರ ಈಗ ನನ್ನಿಂದಲೇ ಶುರುವಾಗುತ್ತದೆ. ಇಷ್ಟು ವರ್ಷ ಮನೆಯವರನ್ನೆಲ್ಲ ಗೋಳುಹೊಯ್ದುಕೊಂಡ ನನ್ನ ಅಂಜಿಕೆಗೆ ಮಗಳು ಒಂದು ಉದ್ಯೋಗ ಕೊಟ್ಟಳಲ್ಲ, ಆ ಋಣ ತೀರಿಸಲಾರೆ.