ಮಾಲಿಂಗಪ್ಪನ ಶೆಡ್ಡು

ಹತ್ತರಗಿಯ ಹತ್ತಿರ ಹೆದ್ದಾರಿಯ ಬಾಜೂ, ನಾಲ್ಕೂ ಕಡೆ ಪ್ಲಾಟಿನ ಬಿಳಿ ಕಲ್ಲು ನೆಟ್ಟ ಬಯಲಿನ ನಡುವೆ ಒಬ್ಬ ಹಿರಿಯ ಹೊರಸಿನ ಮೇಲೆ ಮಲಗಿದ್ದ. ಗೋಕಾಕದಿಂದ ಸೈಟು ನೋಡಲು ಬಂದಿದ್ದ ನಾನು ಅವನನ್ನು ಲೇಔಟಿನ ಕಾವಲುಗಾರನೆಂದೇ ತಿಳಿದೆ. ಗತ್ತಿನಿಂದ ಕೇಳಿದೆ: ‘ಏನಪಾ, ಯಾವದರೆ ಪ್ಲಾಟ್ ಉಳದೈತೇನು?’

ಕಣ್ಣು ತೆರೆಯದೆಯೇ ಉತ್ತರ ಬಂತು: ‘ಈ ಹೊಲ ಅಷ್ಟ ಉಳದೈತ್ರಿ. ನಂದದು. ಜ್ವಾಳ ತುಳೀಬ್ಯಾಡ್ರಿ.’

ಕೆಳಗೆ ನೋಡಿದೆ. ಜೋಳದ ಮೇಲೆಯೇ ನಿಂತಿದ್ದೆ.

ಆತ ಮಾಲಿಂಗಪ್ಪ. ಸುತ್ತಲಿನವರು ಹೊಲ ಮಾರಿ ಕಾರು ಕೊಂಡಿದ್ದರು. ಈತ ಜೋಳ ಬಿತ್ತಿ, ಕುರಿಗಳಿಗೊಂದು ತಗಡಿನ ಶೆಡ್ಡು ಹಾಕಿ, ಲಾರಿಗಳ ಸದ್ದನ್ನು ಹೊಳೆಯ ಸದ್ದಿನಂತೆ ಕೇಳುತ್ತ ಮಲಗುತ್ತಿದ್ದ.

ಅಂದೇ ಪಂಚಾಯತಿಯ ಅಣ್ಣಾಸಾಹೇಬರು ತೆರಿಗೆ ಬರೆದುಕೊಳ್ಳಲು ಅಳತೆಯ ಟೇಪು ಹಿಡಿದು ಬಂದರು. ‘ಕಾಕಾ, ಕುರಿ ಕಟ್ಟು ಶೆಡ್ಡಿಗಿ ತೆರಿಗಿ ಇಲ್ಲ. ಸಾಮಾನ ತುಂಬೋ ಗೋಡಾವನ್ ಇದ್ರ ಐತಿ. ರೋಡಿನ ಬಾಜೂ ಎಲ್ಲಾ ಗೋಡಾವನ್ನ ಅದಾವು. ಇದೇನು?’

ಶೆಡ್ಡು ಖಾಲಿ. ಕಸ ಹೊಡೆದು ಥಳಥಳ. ಗೋಡಾವನ್ ಎಂದು ಬರೆದರೆ ಮಾಲಿಂಗಪ್ಪ ತೆರಿಗೆಗಾಗಿ ಕುರಿ ಮಾರಬೇಕು. ಕುರಿ ಮಾರಿದ ಮೇಲೆ ಶೆಡ್ಡು ಯಾತಕ್ಕೆ?

‘ಕುರಿ ಎಲ್ಲಿ?’

‘ಮೇಯಾಕ ಹೋಗ್ಯಾವ್ರಿ, ನಮ್ಮಾಕಿ ಯಲ್ಲಕ್ಕನ ಸಂಗಾಟ.’

‘ಮತ್ತ ಮ್ಯಾಲ ಆ ಫ್ಯಾನ್?’

‘ಮರಿಗೋಳಿಗ್ರಿ. ತಗಡ ಕಾಯ್ತೈತಲ್ರಿ.’

‘ಮರಿಗಿ ಫ್ಯಾನ್! ನನ್ನ ಆಫೀಸಿನಾಗ ನನಗಿಲ್ಲೋ ಕಾಕಾ!’

ಸತ್ಯಶೋಧನೆಯ ಬಗ್ಗೆ ಎರಡು ಮಾತು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ.

‘ನೀವ್ಯಾರ್ರಿ?’ ಅಣ್ಣಾಸಾಹೇಬರು ನನ್ನ ಕಡೆ ತಿರುಗಿದರು.

‘ಲೇಖಕ.’

‘ಹಂಗಾರ ಸುಮ್ನ ಕುಂದರ್ರಿ.’

ಮಾಲಿಂಗಪ್ಪ ಹೊರಸಿನ ತುದಿಗೆ ಸರಿದ. ‘ನೀವೂ ಕುಂದರ್ರಿ ಸಾಹೇಬ್ರ. ಹೊತ್ತ ಮುಣಗಿದ ಮ್ಯಾಲ ನೋಡಿ ಬರಕೋರಿ.’

ಕುಳಿತೆವು. ಗಾಳಿ ಜೋಳದ ಮೇಲೆ ಕೈಯಾಡಿಸಿಕೊಂಡು ಹೋಗುತ್ತಿತ್ತು. ದೂರದ ಗುಡ್ಡ ಬಿಸಿಲಲ್ಲಿ ತೇಲಾಡಿತು. ಅಣ್ಣಾಸಾಹೇಬರು ಮೊದಲು ಚಪ್ಪಲಿ ಬಿಟ್ಟರು, ಆಮೇಲೆ ಬೆನ್ನು ಚಾಚಿದರು, ಆಮೇಲೆ ಗೊರಕೆ ಹೊಡೆದರು. ಟೇಪು ಕೈಯಿಂದ ಜಾರಿ ತನ್ನಷ್ಟಕ್ಕೆ ಸುತ್ತಿಕೊಂಡಿತು. ನನ್ನ ಕಣ್ಣೂ ಎಳೆಯುತ್ತಿತ್ತು. ಆ ಮಂಪರಿನಲ್ಲಿ ಪ್ಲಾಟಿನ ಬಿಳಿ ಕಲ್ಲುಗಳೆಲ್ಲ ಒಂದೊಂದಾಗಿ ಎದ್ದು, ಮೈ ಕೊಡವಿ, ಮೇಯತೊಡಗಿದವು. ಲೇಔಟು ಪೂರಾ ಮೆಲ್ಲಗೆ ಗುಡ್ಡದ ಕಡೆ ನಡೆದುಹೋಯಿತು. ಯಾರೂ ತಡೆಯಲಿಲ್ಲ.

ಎಚ್ಚರಾದಾಗ ಹೊಂಬಣ್ಣದ ಧೂಳಿನಲ್ಲಿ ಖರೆ ಕುರಿಗಳೇ ಬರುತ್ತಿದ್ದವು. ನಮ್ಮ ಗುರುತು ಅವಕ್ಕೆ ಬೇಕಿರಲಿಲ್ಲ. ಹೊರಸಿಗೆ ಮೈ ಉಜ್ಜಿಕೊಂಡು, ಚಪ್ಪಲಿ ತುಳಿದುಕೊಂಡು ಶೆಡ್ಡಿನೊಳಗೆ ನುಗ್ಗಿ, ಕಾಲಿಡಲು ಜಾಗವಿಲ್ಲದಂತೆ ತುಂಬಿದವು. ಮರಿಗಳು ನೇರ ಫ್ಯಾನಿನ ಕೆಳಗೆ ಹೋಗಿ ನಿಂತವು. ಒಳಗೆ ಇಣುಕಿದ ಅಣ್ಣಾಸಾಹೇಬರೂ ಆ ನೂಕಿನಲ್ಲಿ ಸಿಕ್ಕಿಕೊಂಡರು.

ಯಲ್ಲಕ್ಕ ಬಾಗಿಲಲ್ಲಿ ನಿಂತು, ‘ಎಲ್ಲಾ ಒಳಗ ಬಂದ್ವು. ಸಾಹೇಬ್ರನ್ನೂ ಕೂಡಿಸಿ ಎಣಿಸಲ್ಯಾ?’ ಎಂದಳು.

‘ಸಾಕ ಯವ್ವಾ! ಕುರಿ ಶೆಡ್ಡ ಅಂತ ಬರೀತೇನಿ. ಮದಲ ಹಾದಿ ಬಿಡಸ!’

ಬರೆದರು. ಬರಿಗಾಲಲ್ಲೇ ಹೋದರು. ಮಾಲಿಂಗಪ್ಪ ಮತ್ತೆ ಹೊರಸಿನ ಮೇಲೆ ಮೈ ಚೆಲ್ಲಿದ.

ನನಗೆ ತಡೆಯಲಾಗಲಿಲ್ಲ. ‘ಕಾಕಾ, ನಿಮ್ಮ ಸಂಕಟ ಆ ಮೂಕಪ್ರಾಣಿಗೆ ತಿಳದಿತ್ತೇನ್ರಿ? ಹೆಂಗ ಸರಿಯಾದ ಹೊತ್ತಿಗೆ ಬಂದ್ವು?’

‘ಕತ್ತಲಾದ್ರ ಅವು ಬರ್ತಾವ್ರಿ. ಕತ್ತಲಾಗೈತಿ, ನೀವೂ ಮನಿಗಿ ಹೋಗ್ರಿ.’