ಹಗೇವಿನ ಮೇಲಿಟ್ಟ ಜಾಕು

ನನ್ನ ಗಂಡ ಹಾಲಸಿದ್ದಪ್ಪನವರ ಅವಸರ ಅಗಡಿ ಊರಿಗೆಲ್ಲ ಗೊತ್ತು. ಚಹಾ ಬಸಿಗೆ ಬೀಳುವ ಮೊದಲೇ ಚಪ್ಪಲಿ ಮೆಟ್ಟಿರುತ್ತಾರೆ. ಊಟಕ್ಕೆ ಕುಳಿತರೂ ಒಂದು ಮೊಣಕಾಲು ಎದ್ದೇ ಇರುತ್ತದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಇಳಿಸುವ ಹಮಾಲರನ್ನು ನೋಡಿಕೊಳ್ಳುವ ಕೆಲಸ ಅವರದು. "ಲಗೂ, ಲಗೂ" ಎಂದು ಕೂಗಿ ಕೂಗಿ ಅಲ್ಲಿ ಅವರಿಗೆ ಲಗೂಸಾಹೇಬ ಎಂದೇ ಹೆಸರು ಬಿದ್ದಿದೆ. ಹನ್ನೊಂದು ವರ್ಷ ಇವರ ಹಿಂದೆ ಓಡಿ ಓಡಿ ನನಗೂ ದಮ್ಮು ಹತ್ತಿತ್ತು.

೨೦೦೭ರಲ್ಲಿ ನನಗೆ ಪ್ರಾಥಮಿಕ ಶಾಲೆಯ ಶಿಕ್ಷಕಿ ನೌಕರಿ ಸಿಕ್ಕಿತು. ಯಾವ ಊರಿನ ಶಾಲೆ ಎಂಬುದು ಹಾವೇರಿಯ ಕೌನ್ಸೆಲಿಂಗಿನಲ್ಲಿ ತೀರ್ಮಾನ. ಹತ್ತು ಗಂಟೆಗೆ ಶುರು. ಹೆಸರು ಕೂಗಿದಾಗ ಎದುರಿಗಿದ್ದವರು ಬೇಕಾದ ಶಾಲೆ ಆರಿಸಿಕೊಳ್ಳಬಹುದು, ಇಲ್ಲದವರಿಗೆ ಕೊನೆಗೆ ಉಳಿದದ್ದು. ನನ್ನದು ಒಂಬತ್ತನೆಯ ಸರತಿ. ಪಟ್ಟಿಯಲ್ಲಿ ನಮ್ಮ ಪಕ್ಕದೂರಿನ ಶಾಲೆಯಿತ್ತು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದೊಂದು ಸಿಕ್ಕರೆ ಸಾಕೆಂದು ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಅವತ್ತು ಎಂಟು ಗಂಟೆಗೆ ಹೊರಗೆ ಬಂದು ನೋಡಿದರೆ ನಮ್ಮ ಹಳೆಯ ಮಾರುತಿಯ ಮುಂದಿನ ಗಾಲಿ ಚಪ್ಪಟೆಯಾಗಿ ಕುಳಿತಿದೆ.

"ನಾ ಬಸ್ಸಿಗೆ ಹೋಗ್ತೇನ್ರಿ," ಎಂದೆ.

"ಮನಿ ಮುಂದ ಕಾರ್ ನಿಂತಿರಬೇಕಾದ್ರ ಬಸ್ಸಿಗೆ ಹೋಗ್ತಾಳಂತ! ಮಂದಿ ನಗ್ತಾರ. ಹತ್ತು ಮಿನಿಟಿನ ಕೆಲಸ, ತಡಕೋ."

ನಮ್ಮ ಕಣ್ಣೆದುರಿಗೇ ಬಸ್ಸು ಹೋಯಿತು.

ಇವರು ಹಿಂದಿನ ಗಾಲಿಗೆ ಒಂದು ಕಲ್ಲೂ ಕೊಡಲಿಲ್ಲ. ನಟ್ಟು ಸಡಿಲಿಸದೆ ಕಾರು ಎತ್ತಿದರು. ಪಾನಾ ಹಾಕಿ ತಿರುವಿದರೆ ನಟ್ಟಿನ ಜೊತೆ ಗಾಲಿಯೂ ಗರಗರ ತಿರುಗಿತು. ಬೈದುಕೊಳ್ಳುತ್ತ ಮತ್ತೆ ಇಳಿಸಿ, ನೆಲದ ಮೇಲೆ ನಟ್ಟು ಸಡಿಲಿಸಿ, ಮತ್ತೆ ಎತ್ತಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ನನ್ನ ಅತ್ತೆ ಗದಿಗೆವ್ವ ಮೊರ ಕೆಳಗಿಟ್ಟರು. "ತಮ್ಮಾ, ಅಲ್ಲಿ ಜಾಕ್ ಇಡಬ್ಯಾಡೋ! ಅದರ ಕೆಳಗ ಹಗೇವು ಐತಿ."

ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ, ನೆಲದೊಳಗಿನ ಕಣಜ. ಅದರ ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದು ಇಪ್ಪತ್ತು ವರ್ಷವಾಗಿತ್ತು.

"ಯವ್ವಾ, ಕಾರ್ ರಾತ್ರಿಯೆಲ್ಲಾ ಅಲ್ಲೇ ನಿಂತಿತ್ತು. ಏನಾತು? ಸುಮ್ಮನಿರು."

"ನಾಕು ಗಾಲಿ ಮ್ಯಾಲ ನಿಂತಿದ್ದು ಬ್ಯಾರೆ, ಒಂದ ಕಡೆ ಭಾರ ಬೀಳೂದು ಬ್ಯಾರೆ. ಚಕ್ಕಡಿ ಗಾಲಿ ತಗದಾಗ ಅಚ್ಚಿನ ಕೆಳಗ ಕೊರಡು ಇಡದ ನಿಮ್ಮಪ್ಪ ಎಂದೂ ಕೈ ಹಾಕಿದಾಂವ ಅಲ್ಲ." ಮಗ ಕೇಳುವುದಿಲ್ಲ ಎಂದು ಗೊತ್ತಾಗಿ ನನ್ನ ಕಡೆ ತಿರುಗಿದರು. "ಸುಧಾ, ಆ ಗಾಲಿನಾರ ಕೆಳಗ ನೂಕವಾ."

ಹಾಕಲೆಂದು ಪಕ್ಕದಲ್ಲಿ ತೆಗೆದಿಟ್ಟಿದ್ದ ಸ್ಟೆಪ್ನಿ ಗಾಲಿಯನ್ನು ನಾನು ಸಿಟ್ಟಿನಿಂದಲೇ ಕಾರಿನ ಕೆಳಗೆ ಅಡ್ಡಡ್ಡ ನೂಕಿದೆ. "ಅದನ್ನ ಹಾಕಬೇಕು, ನೀ ಒಳಗ ತುರುಕ್ತಿ!" ಎಂದು ಇವರು ಚೀರಾಡಿದರು. ಪಂಕ್ಚರಾದ ಗಾಲಿ ಬಿಚ್ಚಿ ಪಕ್ಕಕ್ಕೆ ಒಗೆದರು. ಅದರ ನಟ್ಟೊಂದು ಉರುಳಿ ಕಾರಿನ ಕೆಳಗೆ ಹೋಯಿತು. ಅದಕ್ಕಾಗಿ ಕೈಯನ್ನು ಭುಜದವರೆಗೆ ಒಳಗೆ ಚಾಚಿದರು.

ಧಡ್ ಎಂದಿತು. ಮಣ್ಣು ಜಾರಿ ಜಾಕು ಒಳಗಿಳಿಯಿತು. ಕಾರು ಬಂದು ಸ್ಟೆಪ್ನಿಯ ಮೇಲೆ ಕುಳಿತಿತು. ಕಾರಿನ ತಳಕ್ಕೂ ನೆಲಕ್ಕೂ ನಡುವೆ ಗೇಣಿಗಿಂತ ಕಡಿಮೆ ಜಾಗ, ಅದರೊಳಗೆ ನನ್ನ ಗಂಡನ ಕೈ. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

ಅವರು ಮೆಲ್ಲಗೆ ಕೈ ಹೊರಗೆಳೆದರು. ಒಂದು ಗೀರು ಕೂಡ ಬಿದ್ದಿರಲಿಲ್ಲ. ಅತ್ತೆ ಆ ಕೈಯನ್ನು ಹಿಡಿದುಕೊಂಡು ಹೋ ಎಂದು ಅತ್ತರು, ಆಮೇಲೆ ಅದೇ ಕೈಗೆ ಪಟಪಟ ಎರಡೇಟು ಹೊಡೆದರು.

ಅಷ್ಟರಲ್ಲಿ ಊರಿನ ಯೂಸುಫಸಾಬರು ತಮ್ಮ ಟೆಂಪೋ ತಂದು ನಿಲ್ಲಿಸಿದರು. "ಬರ್ರಿ ಅಕ್ಕಾರ, ಹತ್ತರೊಳಗ ಹಾವೇರಿ ಮುಟ್ಟಸ್ತೇನಿ."

ನಾನು ಫೈಲು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟೆ.

"ಸುಧಾ," ಎಂದರು ಇವರು. ಅಂಗಳದ ಮಣ್ಣಿನಲ್ಲಿ ಕುಳಿತೇ ಇದ್ದರು. "ಒಂಚೂರು ನಿಂದ್ರ. ನನಗ ಅಂಜಿಕಿ ಬಂದೈತಿ."

ಈ ಮನುಷ್ಯನ ಬಾಯಿಂದ ಇಂಥ ಮಾತು ನಾನು ಎಂದೂ ಕೇಳಿರಲಿಲ್ಲ. ಟೆಂಪೋವನ್ನು ನೋಡಿದೆ, ಇವರನ್ನು ನೋಡಿದೆ. "ನೀವು ಹೋಗ್ರಿ ಯೂಸುಫಣ್ಣ," ಎಂದು ಹೇಳಿ ಇವರ ಪಕ್ಕದಲ್ಲಿ ಕುಳಿತೆ.

ಬಹಳ ಹೊತ್ತಿನ ಮೇಲೆ ಇವರು ಎದ್ದು, ಮಣ್ಣಿನಲ್ಲಿ ಹೂತ ಜಾಕು ಕಿತ್ತು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಅಗಲವಾದ ಹಲಗೆ ಹಾಸಿ, ಹಗೇವು ಬಿಟ್ಟು ಗಟ್ಟಿ ನೆಲದ ಕಡೆ ಜಾಕು ಇಟ್ಟರು. ಬಿಚ್ಚಿದ ಗಾಲಿಯನ್ನು ಕಾರಿನ ಕೆಳಗಿಟ್ಟು ಸ್ಟೆಪ್ನಿ ತೆಗೆದರು. ಎದುರುಬದುರಿನ ನಟ್ಟುಗಳನ್ನು ಒಂದೊಂದಾಗಿ ಬಿಗಿದು, ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿದರು. ನಾವು ಹಾವೇರಿ ಮುಟ್ಟಿದಾಗ ನನ್ನ ಹೆಸರು ಕೂಗಿ ಒಂದು ತಾಸಾಗಿತ್ತು. ಕೊನೆಗೆ ಉಳಿದದ್ದು ಹಾನಗಲ್ಲ ತಾಲೂಕಿನ ಆ ತುದಿಯ ಶಾಲೆ. ಸಹಿ ಮಾಡಿ ಹೊರಗೆ ಬಂದೆ.

ಈಗ ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗುತ್ತೇನೆ. ಸಿಟ್ಟು ಬರುವುದಿಲ್ಲವೇ? ದಿನಾ ಬರುತ್ತದೆ. ಬೆಳಕು ಹರಿಯುವ ಮೊದಲು ಇವರು ಎದ್ದು ನನಗೆ ಬುತ್ತಿ ಕಟ್ಟುತ್ತಾರೆ. ರೊಟ್ಟಿ ಮಡಚುವ ಆ ಹತ್ತು ಬೆರಳು ನೋಡುತ್ತ ನಿಲ್ಲುತ್ತೇನೆ. ಬಯ್ಯಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡು ಬಸ್ಸಿಗೆ ಹೊರಡುತ್ತೇನೆ.