ಹನ್ನೆರಡು ಹಲ್ಲಿನ ಸ್ಪ್ರಾಕೆಟ್

ಮದುವೆಮನೆಗೆ ನಾನು ಎಲ್ಲರಿಗಿಂತ ಮೊದಲೇ ಹೋಗುತ್ತೇನೆ, ಎಲ್ಲರೂ ಹೋದ ಮೇಲೆ ಎದ್ದು ಬರುತ್ತೇನೆ. ಶಿಸ್ತಿನ ಮನುಷ್ಯ ಎಂದು ನೆಂಟರು ಹೊಗಳುತ್ತಾರೆ. ನಿಜವೇನೆಂದರೆ, ತುಂಬಿದ ಛತ್ರದಲ್ಲಿ ಕುರ್ಚಿಗಳ ಸಾಲಿನ ನಡುವೆ ನಡೆದು ಹೋಗುವುದು ನನ್ನಿಂದಾಗದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿದೆ. ಎಡಗೈಯನ್ನು ತೊಡೆಯ ಮೇಲೆ ಊರಿ, ಮೈಯನ್ನು ಒಂದು ಕಡೆಗೆ ವಾಲಿಸಿ ಹೆಜ್ಜೆ ಹಾಕಬೇಕು. ಕೂತರೆ ಏನೂ ಗೊತ್ತಾಗುವುದಿಲ್ಲ. ಸಡಿಲ ಪ್ಯಾಂಟು ಹಾಕಿಕೊಂಡು ಕೂತುಬಿಟ್ಟರೆ ನಾನೂ ಎಲ್ಲರಂತೆಯೇ. ಭದ್ರಾವತಿಯ ಜನ್ನಾಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತುವ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಕೆಲಸ ಹಿಡಿದದ್ದೂ ಕೂತು ಮಾಡಬಹುದು ಎಂದೇ.

ಐವತ್ತು ಸಮೀಪಿಸುತ್ತಿರುವ ಇಂಥವನಿಗೆ ಕ್ವಾಡ್ ಬೈಕಿನ ಹುಚ್ಚು ಹಿಡಿದದ್ದು ಶಿವಮೊಗ್ಗದ ನನ್ನ ಗೆಳೆಯನ ಗ್ಯಾರೇಜಿನಲ್ಲಿ. ಅವನೂ ನಾನೂ ಐಟಿಐಯಲ್ಲಿ ಒಂದೇ ಬೆಂಚಿನವರು. ಅವನಿಗೆ ಬೈಕುಗಳೆಂದರೆ ಪ್ರಾಣ. ಘಟ್ಟದ ಕಡೆ ಮುಚ್ಚಿದ ಒಂದು ರೆಸಾರ್ಟಿನಿಂದ ಅವನು ಎರಡು ಕ್ವಾಡ್ ತಂದಿದ್ದ. ದಪ್ಪ ಟಯರಿನ ನಾಲ್ಕು ಚಕ್ರ; ಬೈಕಿನದೇ ಹ್ಯಾಂಡಲ್, ಬೈಕಿನದೇ ಗೇರು, ಕ್ಲಚ್ಚು, ಚೈನು. ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಜಾತಿಯದಲ್ಲ, ಓಡಿಸುವವರ ಗಾಡಿ. ರಸ್ತೆಗೆ ಇಳಿಸುವಂತಿಲ್ಲ, ಮೈದಾನದಲ್ಲಿ ಮಾತ್ರ. “ಕೂತು ನೋಡೋ ಮಾರಾಯ” ಎಂದ. ಕೂತೆ. ಎರಡೂ ಕಾಲು ಮೇಲಿದ್ದರೂ ಗಾಡಿ ತನ್ನಷ್ಟಕ್ಕೆ ನಿಂತಿತ್ತು. ಸೈಡ್ ವೀಲ್ ಕಟ್ಟಿದ ನನ್ನ ಸ್ಕೂಟರೂ ಹಾಗೇ ನಿಲ್ಲುತ್ತದೆ, ಆದರೆ ಅದನ್ನು ಕಂಡವರ ಬಾಯಲ್ಲಿ ಬರುವುದು “ಪಾಪ” ಎಂಬ ಮಾತು. ಕ್ವಾಡ್ ಕಂಡು ಯಾರೂ ಪಾಪ ಅನ್ನುವುದಿಲ್ಲ. ಒಂದನ್ನು ನಾನು ಇಟ್ಟುಕೊಂಡೆ. ಗಾಡಿ ಇರುತ್ತಿದ್ದದ್ದು ಅವನ ಗ್ಯಾರೇಜಿನಲ್ಲೇ.

ತ್ಯಾವರೆಕೊಪ್ಪದಿಂದ ಒಂದಿಷ್ಟು ಆಚೆ, ಕೆಂಪುಮಣ್ಣು ತೆಗೆದು ತೆಗೆದು ಹಳ್ಳ ದಿಬ್ಬವಾಗಿದ್ದ ಒಂದು ಖಾಲಿ ಜಾಗವಿದೆ. ಗೆಳೆಯನ ಸಂಬಂಧಿಕರದ್ದು. ಭಾನುವಾರಗಳಲ್ಲಿ ಶಿವಮೊಗ್ಗದ ಕೆಲವು ಹುಡುಗರು ಅಲ್ಲಿ ಬೈಕು, ಕ್ವಾಡು ಓಡಿಸಲು ಸೇರುತ್ತಿದ್ದರು. ಗೂಡ್ಸ್ ಆಟೋದಲ್ಲಿ ನನ್ನ ಗಾಡಿ ಹೇರಿಕೊಂಡು ನಾವಿಬ್ಬರೂ ಅವರಿಗಿಂತ ಮೊದಲೇ ಹೋಗುತ್ತಿದ್ದೆವು. ಅವರು ಬರುವ ಹೊತ್ತಿಗೆ ನಾನು ಹೆಲ್ಮೆಟ್ಟು ಹಾಕಿಕೊಂಡು ಗಾಡಿಯ ಮೇಲಿರುತ್ತಿದ್ದೆ. “ಅಣ್ಣ, ಇಳೀರಿ, ಟೀ ಕುಡಿಯೋಣ” ಎಂದರೆ, “ನನಗೆ ಇಲ್ಲಿಗೇ ಕೊಡಿ” ಎನ್ನುತ್ತಿದ್ದೆ. ಗತ್ತಿನ ಮನುಷ್ಯ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಎಂದೇ ಇದ್ದೆ.

ತೊಂದರೆ ಇದ್ದದ್ದು ಗೇರಿನಲ್ಲಿ. ಲಿವರ್ ಎಡಪಾದದ ಬಳಿ. ಕೆಳಗೆ ಒತ್ತಿದರೆ ಒಂದನೇ ಗೇರಿನ ಕಡೆಗೆ ಇಳಿಯುತ್ತದೆ. ಎರಡು, ಮೂರು, ನಾಲ್ಕಕ್ಕೆ ಹೋಗಬೇಕಾದರೆ ಬೆರಳಿನಿಂದ ಮೇಲಕ್ಕೆ ಎತ್ತಬೇಕು. ಒತ್ತುವುದನ್ನು ಮೈಭಾರ ಹಾಕಿ ಹೇಗೋ ಮಾಡುತ್ತಿದ್ದೆ. ಎತ್ತುವುದು ಮಾತ್ರ ಆಗದು, ನನ್ನ ಪಾದ ಮೇಲಕ್ಕೆ ಏಳುವುದೇ ಇಲ್ಲ. ಗಾಡಿ ನಿಂತಿರುವಾಗ ಎಡಗೈಯಲ್ಲಿ ಕ್ಲಚ್ ಹಿಡಿದು, ಬಲಗೈಯನ್ನು ಕೆಳಗೆ ಚಾಚಿ, ಯಾರೂ ನೋಡದಂತೆ ಲಿವರನ್ನು ಮೂರನೇ ಗೇರಿಗೆ ಎಳೆದಿಡುತ್ತಿದ್ದೆ. ಆಮೇಲೆ ಇಡೀ ಬೆಳಗ್ಗೆ ಮೂರನೇ ಗೇರಿನಲ್ಲೇ. ಆದರೆ ಮೂರರಲ್ಲಿ ಹೊರಡಿಸಲು ಹೋದರೆ ಎಷ್ಟೋ ಸಲ ಗಾಡಿ ನಡುಗಿ ನಿಂತುಬಿಡುತ್ತಿತ್ತು.

ಆಗ ಹೊಳೆದದ್ದು ಸ್ಪ್ರಾಕೆಟ್. ಚೈನು ಸುತ್ತುವ ಹಲ್ಲಿನ ಚಕ್ರಗಳು ಎರಡು, ಎಂಜಿನ್ನಿನ ಬಳಿ ಚಿಕ್ಕದು, ಹಿಂದಿನ ಆಕ್ಸಲಿಗೆ ದೊಡ್ಡದು. ಮುಂದಿನದನ್ನು ಇನ್ನೂ ಚಿಕ್ಕದು ಮಾಡಿ, ಹಿಂದಿನದನ್ನು ಇನ್ನೂ ದೊಡ್ಡದು ಮಾಡಿದರೆ ಗಾಡಿಗೆ ಎಳೆಯುವ ಶಕ್ತಿ ಹೆಚ್ಚುತ್ತದೆ, ಓಟ ಕಡಿಮೆಯಾಗುತ್ತದೆ. ಆಗ ಮೂರನೇ ಗೇರು ಹೆಚ್ಚುಕಡಿಮೆ ಎರಡನೆಯದರಂತೆ ಆಗುತ್ತದೆ. ಹೊರಡುವುದಕ್ಕೂ ಅದೇ, ಓಡುವುದಕ್ಕೂ ಅದೇ.

ಗೆಳೆಯನಿಗೆ ನಾನು ಹೇಳಿದ ಕಾರಣ ಬೇರೆ. “ದಿಬ್ಬ ಹತ್ತಲ್ಲ ಕಣೋ. ಎಳೆತ ಬೇಕು.”

“ದಿಬ್ಬಕ್ಕೆ ಒಂದನೇ ಗೇರ್ ಇಲ್ವಾ?”

“ಸಾಕಾಗಲ್ಲ.”

ಅವನು ಗಾಡಿಯನ್ನೂ ನನ್ನನ್ನೂ ನೋಡಿದ. ಮುಂದೆ ಹದಿನಾಲ್ಕು ಹಲ್ಲಿನದಿತ್ತು. “ಹದಿಮೂರು ಹಾಕಣ. ಮುಂದೆ ಒಂದು ಹಲ್ಲು ಕಮ್ಮಿ ಆದ್ರೂ ಫರಕ್ ಜಾಸ್ತಿ ಗೊತ್ತಾಗುತ್ತೆ.”

“ಹನ್ನೆರಡು ಹಾಕು. ಹಿಂದಿನದೂ ದೊಡ್ಡದು ಹಾಕು.”

“ತಲೆ ಕೆಟ್ಟಿದ್ಯಾ? ಸಮ ಜಾಗದಲ್ಲಿ ಕಿರುಚ್ಕೊಳ್ಳುತ್ತೆ. ಎಲ್ರೂ ಮುಂದೆ ಹೋಗ್ತಾರೆ, ನೀನು ಹಿಂದೆ ಉಳ್ಕೋತೀಯ.”

“ನಾನೇನು ರೇಸಿಗೆ ಬಂದಿದೀನಾ?” ಎಂದು ರೇಗಿದೆ.

ಅವನು ಕವರ್ ಬಿಚ್ಚಿ, ಹಿಂದಿನ ಬ್ರೇಕ್ ಹಿಡಿದುಕೋ ಎಂದ. ಅವನು ಮುಂದಿನ ನಟ್ಟು ಸಡಿಲಿಸುವಾಗ ಚಕ್ರ ತಿರುಗದಂತೆ ನಾನು ಬ್ರೇಕ್ ಒತ್ತಿ ಹಿಡಿದೆ. ಹಳೆಯ ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಒಂದು ಕಡೆಗೆ ಬಾಗಿದ್ದವು. ಹಿಂದಿನದು ದೊಡ್ಡದಾದ್ದರಿಂದ ಚೈನು ಸಾಲದೆ ಹೊಸದನ್ನೇ ಹಾಕಬೇಕಾಯಿತು. ಅದನ್ನು ಬೆರಳಿನಿಂದ ಎತ್ತಿ ಎತ್ತಿ ಬಿಗಿ ನೋಡುತ್ತ, ಒಂದು ಸಂಜೆ ಪೂರ್ತಿ ನನಗಾಗಿ ನೆಲದಲ್ಲಿ ಕೂತು ಕೆಲಸ ಮಾಡಿದ. ನಾನು ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಕೊಡುತ್ತಿದ್ದೆ.

ಮನೆಗೆ ಬಂದಾಗ, ಗೆಳೆಯನನ್ನು ಅಣ್ಣ ಎಂದೇ ಕರೆಯುವ ಹೆಂಡತಿ ಕೇಳಿದಳು: “ಅಣ್ಣಂಗೆ ಹೇಳಿದ್ರಾ, ಕಾಲಲ್ಲಿ ಗೇರ್ ಎತ್ತಕ್ಕಾಗಲ್ಲ ಅಂತ?”

“ಹೇಳಿದೀನಿ” ಎಂದೆ.

ಆ ಭಾನುವಾರ ಹಿಂದಿನ ದಿನ ಮಳೆಯಾಗಿ ಮಣ್ಣು ಮೆತ್ತಗಿತ್ತು. ಮೊದಲಿಗೆ ಎಲ್ಲ ನಾನು ಅಂದುಕೊಂಡಂತೆಯೇ ನಡೆಯಿತು. ಮೂರನೇ ಗೇರಿನಲ್ಲಿ ಗಾಡಿ ತಕರಾರಿಲ್ಲದೆ ಹೊರಟಿತು. ಹುಡುಗರು ಎತ್ತರದ ಒಂದು ದಿಬ್ಬ ಹತ್ತಿ, ಮೇಲಿನ ಬಯಲಿನಲ್ಲಿ ಸಾಲಾಗಿ ನಿಂತು ನನಗಾಗಿ ಕಾಯುತ್ತಿದ್ದರು. ನಾನೂ ಏರಿಸಿದೆ. ಅರ್ಧಕ್ಕೆ ಬಂದಾಗ ಎಂಜಿನ್ ಸೋಲತೊಡಗಿತು. ಗಾಬರಿಯಲ್ಲಿ ಲಿವರನ್ನು ಒತ್ತಿದೆ, ಮತ್ತೆ ಒತ್ತಿದೆ. ಒಂದನೇ ಗೇರಿಗೆ ಬಂದುಬಿಟ್ಟಿತು. ದಿಬ್ಬವೇನೋ ಹತ್ತಿತು. ಆದರೆ ಮೇಲಿನ ಬಯಲಿನಲ್ಲಿ ನಾನು ಒಂದನೇ ಗೇರಿನಲ್ಲಿ, ಅದೂ ಹನ್ನೆರಡು ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ. ಎಂಜಿನ್ ಊರಿಗೆಲ್ಲ ಕೇಳುವಂತೆ ಅರಚುತ್ತಿದೆ, ಗಾಡಿ ಮಾತ್ರ ತೆವಳುತ್ತಿದೆ.

“ಅಣ್ಣ, ಗೇರ್ ಚೇಂಜ್ ಮಾಡ್ರೀ!” ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು. ಕೆಟ್ಟ ನಗುವೇನಲ್ಲ.

ಗಾಡಿ ನಿಲ್ಲಿಸಿ ಬಲಗೈಯಿಂದ ಗೇರು ಎಳೆಯಬಹುದಿತ್ತು. ಅಷ್ಟು ಜನ ನೋಡುತ್ತಿರುವಾಗ ಬಾಗಿ ಪಾದದ ಬಳಿ ಕೈ ಆಡಿಸುವುದು ಬೇಡವೆನಿಸಿತು. ಓಡುತ್ತಿರುವಾಗಲೇ, ಪ್ಯಾಂಟು ಸರಿಮಾಡಿಕೊಳ್ಳುವವನಂತೆ ಎಡಗೈಯನ್ನು ಕೆಳಗೆ ಬಿಟ್ಟು ಲಿವರ್ ಹುಡುಕಿದೆ. ಬಲಗೈಯೊಂದರಲ್ಲೇ ಇದ್ದ ಹ್ಯಾಂಡಲ್ ಪಕ್ಕಕ್ಕೆ ತಿರುಗಿತು. ಮುಂದಿನ ಚಕ್ರ ಮಣ್ಣಿನ ಬದುವಿಗೆ ಹತ್ತಿದ್ದು ಗೊತ್ತಾಯಿತು. ಆಮೇಲೆ ನಾನು ಕೆಸರಿನಲ್ಲಿ ಮಲಗಿದ್ದೆ, ಗಾಡಿ ಬದುವಿನಾಚೆ ಮಗುಚಿಕೊಂಡಿತ್ತು.

ಎಲ್ಲರೂ ಓಡಿಬಂದರು. ನನಗೆ ಮೊಣಕೈ ತರಚಿತ್ತು, ಅಷ್ಟೇ. ಏಳಲು ನೋಡಿದೆ. ಒಬ್ಬ ನನ್ನ ಭುಜ ಒತ್ತಿ ಹಿಡಿದು ಚೀರಿದ: “ಏಳಬೇಡಿ! ಅಲ್ಲಾಡಬೇಡಿ! ಕಾಲು ಮುರಿದಿದೆ!”

ಪ್ಯಾಂಟು ಮೊಣಕಾಲಿನವರೆಗೆ ಸರಿದಿತ್ತು. ನನ್ನ ಎಡಗಾಲು, ಅದು ಯಾವಾಗಲೂ ಬಿದ್ದುಕೊಳ್ಳುವ ಹಾಗೆ, ಹೊರಕ್ಕೆ ತಿರುಗಿಕೊಂಡು ಬಿದ್ದಿತ್ತು. ಒಬ್ಬ ಆಗಲೇ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದ. ಇನ್ನೊಬ್ಬ ಕಟ್ಟಲು ಕೋಲು ಹುಡುಕುತ್ತಿದ್ದ. ಮತ್ತೊಬ್ಬ ನೋಡಲಾರದೆ ಮುಖ ತಿರುಗಿಸಿಕೊಂಡಿದ್ದ.

“ಮುರಿದಿಲ್ಲ” ಎಂದೆ.

“ನಿಮಗೆ ಶಾಕಲ್ಲಿ ಗೊತ್ತಾಗ್ತಿಲ್ಲ ಅಣ್ಣ, ಸುಮ್ನಿರಿ.”

“ಅದು ಮೊದಲಿಂದಾನೂ ಹಾಗೇ” ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. “ನನ್ನ ಕಾಲು ಇರೋದೇ ಹಾಗೆ.”

ಫೋನ್ ಹಿಡಿದವನು “ಬೇಡ ಸರ್, ಬೇಡ” ಎಂದು ಮೆಲ್ಲಗೆ ಹೇಳಿ ಕಟ್ ಮಾಡಿದ. ಎಲ್ಲರೂ ಎಲ್ಲೆಲ್ಲೋ ನೋಡತೊಡಗಿದರು. ಮುಖದ ಮೇಲೆ ಹೆಲ್ಮೆಟ್ಟು ಇದ್ದದ್ದೊಂದೇ ನನಗೆ ಆಗ ಆಸರೆಯಾಗಿತ್ತು. ಅಷ್ಟರಲ್ಲಿ ಗೆಳೆಯ ಕೆಳಗಿನಿಂದ ಏದುಸಿರು ಬಿಡುತ್ತ ಬಂದ. ಮಗುಚಿದ ಗಾಡಿಯ ಲಿವರನ್ನು ನೋಡಿದ. ನನ್ನ ಎಡಗೈ ಬೆರಳುಗಳಿಗೆ ಮೆತ್ತಿದ್ದ ಗ್ರೀಸನ್ನು ನೋಡಿದ. ಬಾಗಿ ಹೆಗಲು ಕೊಟ್ಟ. ಅವನ ಹೆಗಲು ಹಿಡಿದು, ಎಲ್ಲರ ಎದುರಿಗೆ, ತೊಡೆಯ ಮೇಲೆ ಕೈಯೂರಿ ನಾನು ಆ ಬಯಲು ದಾಟಿ ದಿಬ್ಬ ಇಳಿದೆ.

ಗೂಡ್ಸ್ ಆಟೋದಲ್ಲಿ ಅವನೇ ನನ್ನನ್ನು ಭದ್ರಾವತಿಯ ಮನೆಯವರೆಗೂ ಕರೆತಂದ. ನನ್ನ ಅವತಾರ ನೋಡಿ ಹೆಂಡತಿ ಗಾಬರಿಯಾದಳು. ಮೊಣಕೈ ತೊಳೆಯುತ್ತ ಅವನನ್ನೇ ಆಕ್ಷೇಪಿಸಿದಳು: “ಇವರಿಗೆ ಗೇರ್ ಎತ್ತಕ್ಕಾಗಲ್ಲ ಅಂತ ಗೊತ್ತಿದ್ದೂ ದಿಬ್ಬಕ್ಕೆ ಯಾಕೆ ಬಿಟ್ರಿ ಅಣ್ಣ?”

“ನನಗೆ ಯಾರು ಹೇಳಿದ್ರು ಭಾಭಿ?” ಎಂದ ಅವನು.

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಟೀ ಮಾಡುತ್ತೇನೆಂದು ಒಳಗೆ ಹೋದಳು.

ಅವನ ದನಿ ಏರಲಿಲ್ಲ. “ಬೇರೆ ಯಾರಿಗೂ ಹೇಳಲ್ಲ, ಸರಿ. ನನಗೂ ಹೇಳಲ್ವೇನೋ? ಐಟಿಐ ವರ್ಕ್‌ಶಾಪಲ್ಲಿ ದಿನಾ ನಿಂಗೆ ಸ್ಟೂಲ್ ತಂದು ಹಾಕ್ತಿದ್ದೋನು ಯಾರು?”

“ಅದಕ್ಕೇ ಹೇಳಲಿಲ್ಲ” ಎಂದುಬಿಟ್ಟೆ. “ಇದೊಂದರಲ್ಲಾದ್ರೂ ನಿನ್ನ ಸ್ಟೂಲ್ ಬೇಡ ಅನ್ನಿಸ್ತು.”

ಮಾತು ಬಾಯಿ ಬಿಟ್ಟು ಹೋದ ಮೇಲೆ ಅದು ಹೇಗೆ ಕೇಳಿಸಿತೆಂದು ತಿಳಿಯಿತು. ಇಷ್ಟು ವರ್ಷ ಅವನು ಲೆಕ್ಕವಿಡದೆ ಮಾಡಿದ್ದನ್ನೆಲ್ಲ ನಾನು ಒಂದು ಹೊರೆ ಎಂದು ಅವನ ಎದುರಿಗೇ ಕೆಳಗೆ ಹಾಕಿದ್ದೆ. ಅವನ ಮುಖ ಸಣ್ಣದಾಯಿತು. ಟೀ ಬಂತು, ಕುಡಿದ, “ಬರ್ತೀನಿ ಭಾಭಿ” ಎಂದು ಎದ್ದು ಹೋದ. ದಿಬ್ಬದ ಮೇಲೆ ಹುಡುಗರ ಎದುರಿಗೆ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅದು ಕಾಲಿನದು, ನಾನು ಕೇಳಿ ಪಡೆದದ್ದಲ್ಲ. ಇದು ಪೂರ್ತಿ ನನ್ನದೇ.

ಆಮೇಲೆ ಅವನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ, ಮಾಡಲು ಮುಖವಿರಲಿಲ್ಲ. ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತ ಎಷ್ಟೋ ಸಲ ಲೆಕ್ಕ ತಪ್ಪಿ ಬಿಚ್ಚಿ ಮತ್ತೆ ಸುತ್ತಿದೆ. ಕೊನೆಗೆ ಹೆಂಡತಿಯೇ ಹೇಳಿದಳು: “ಅವರು ಬರಲ್ಲ. ನೀವೇ ಹೋಗಬೇಕು. ಸ್ಕೂಟರಲ್ಲಿ ಹೋಗಿ ಬಾಗಿಲಲ್ಲೇ ಹಾರ್ನ್ ಮಾಡಿ ಕರೀಬೇಡಿ. ಇಳಿದು ಒಳಗೆ ಹೋಗಿ.”

ಬಸ್ಸಿನಲ್ಲಿ ಹೋದೆ. ನಿಲ್ದಾಣದಿಂದ ಆಟೋ ಹಿಡಿದು, ರಸ್ತೆಯ ತುದಿಯಲ್ಲೇ ಇಳಿದು ನಡೆದೆ. ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು. ನನ್ನ ಕ್ವಾಡು ಮೂಲೆಯಲ್ಲಿತ್ತು, ಕೆಸರನ್ನು ತೊಳೆದಿಟ್ಟಿದ್ದ. ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ: “ಗೇರನ್ನ ಕೈಯಲ್ಲಿ ಹಾಕೋ ಹಾಗೆ ಮಾಡಕ್ಕಾಗುತ್ತೇನೋ? ನನ್ನ ಕಾಲಲ್ಲಿ ಆಗಲ್ಲ.”

ಅವನು ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. “ಲಿವರಿಗೆ ಒಂದು ರಾಡ್ ವೆಲ್ಡ್ ಮಾಡಿ ಮೇಲಕ್ಕೆ ತಂದ್ರೆ ಆಗುತ್ತೆ. ಏರಿಸುವಾಗ ಕ್ಲಚ್ ಬೇಕಿಲ್ಲ, ಆಕ್ಸಿಲರೇಟರ್ ಒಂಚೂರು ಬಿಟ್ಟು ಎಳೆದ್ರೆ ಸಾಕು. ಹೋಗು, ಕೂತ್ಕೋ. ಪ್ಯಾಂಟ್ ಮೇಲಕ್ಕೆ ಮಡಿಚು. ಮೊಣಕಾಲು ರಾಡಿಗೆ ತಾಗುತ್ತೋ ಏನೋ ನೋಡ್ಬೇಕು.”

ಗ್ಯಾರೇಜಿನ ಶಟರು ಪೂರ್ತಿ ತೆರೆದಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಕಿವಿಯವರೆಗೂ ಬಿಸಿಯಾಯಿತು. ಪ್ಯಾಂಟು ಮಡಿಚಿದೆ. ಅವನು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಗ, ಬೈಕು ರಿಪೇರಿಗೆ ಬಿಟ್ಟಿದ್ದ ಒಬ್ಬರು ಹತ್ತಿರ ಬಂದು ಕೇಳಿದರು: “ಏನಾಯ್ತು ಕಾಲಿಗೆ?”

ಇಂಥ ಪ್ರಶ್ನೆಗಳಿಗೆ ಐಟಿಐ ದಿನಗಳಿಂದಲೂ ನನ್ನ ಪರವಾಗಿ ಉತ್ತರ ಕೊಡುತ್ತಿದ್ದವನು ಅವನೇ. ಈ ಸಲ ತಲೆ ಎತ್ತಲಿಲ್ಲ. ಟೇಪಿನ ಅಂಕಿ ನೋಡುತ್ತಿದ್ದ.

“ಚಿಕ್ಕೋನಿದ್ದಾಗ ಪೋಲಿಯೋ ಆಗಿತ್ತು” ಎಂದೆ.

“ಓ” ಎಂದು ಅವರು ಗೆಳೆಯನ ಕಡೆ ತಿರುಗಿದರು. “ಸಾಬ್ರೆ, ನನ್ನ ಗಾಡಿ ಇವತ್ತು ಸಿಗುತ್ತಾ?”

ರಾಡ್ ಕೂತಿತು. ಹನ್ನೆರಡನ್ನು ಬಿಚ್ಚಿ ಹದಿಮೂರು ಹಾಕಿದೆವು, ಅವನು ಮೊದಲೇ ಹೇಳಿದ್ದ ಹಾಗೆ. ಈಗ ಭಾನುವಾರ ಹೋದಾಗ ಆ ಹುಡುಗರು ನನ್ನ ಗಾಡಿಗೆ ದಾರಿ ಬಿಡುತ್ತಾರೆ; ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ಮುಖ ಇನ್ನೂ ಬಿಸಿಯಾಗುತ್ತದೆ. ಗೆಳೆಯನಿಗೆ ಆಡಿದ ಆ ಮಾತಿಗೆ ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ. ಒಮ್ಮೆ ಬಾಯಿ ತೆರೆದಿದ್ದೆ, ಅವನು “ಚೈನಿಗೆ ಎಣ್ಣೆ ಬಿಟ್ಯಾ?” ಎಂದು ಕೇಳಿ ಆಚೆ ಹೋದ.